ಎರಡು ಬೋಲ್ಟಿನ ಕಂಬ

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಒಂದು ಸೋಮವಾರ, ಮುಂಜಾನೆ ಹತ್ತರ ಹೊತ್ತಿಗೆ ಇದು ಶುರುವಾಯಿತು. ಹುಬ್ಬಳ್ಳಿಯ ಕಬ್ಬಿಣ ಕೆಲಸದ ಶೆಡ್ಡೊಂದರಲ್ಲಿ ಉಕ್ಕಿನ ಕಂಬದ ಲೆಕ್ಕ ಹಾಕುವ ಸಾಫ್ಟ್‌ವೇರ್ ಎರಡಿದ್ದವು. ಎಲ್ಲ ಕಡೆಯಂತೆ ಇಲ್ಲಿಯೂ ಅವು ತೀರಿಹೋದ ಕಸುಬುದಾರರ ಬುದ್ಧಿ, ದನಿಗಳಿಂದ ಮಾಡಿದವು. ಶೆಡ್ಡಿಗೆ ಒಂದೇ ಎಂದು ಹೊಸ ಕಟ್ಟಳೆ ಬಂದಿತ್ತು, ಇನ್ನೊಂದನ್ನು ಅಳಿಸಿಬಿಡುತ್ತಾರೆ. ಒಂದು ಯಾರೋ ಪರವೂರಿನವನದು, ಇನ್ನೊಂದು ಫಕ್ಕೀರಪ್ಪನದು. ಆರಿಸಬೇಕಾದವಳು ಹಿರಿಯ ಫಿಟ್ಟರ್ ನೀಲವ್ವ, ಫಕ್ಕೀರಪ್ಪನ ಹೆಂಡತಿ.

ಶಾಲೆಯ ಚಾವಣಿ ಹೊರುವ ಕಂಬವೊಂದನ್ನು ಎರಡಕ್ಕೂ ಕೇಳಿದಳು. ಪರವೂರಿನವನು ದಪ್ಪನೆಯದು ಹೇಳಿದ, ಫಕ್ಕೀರಪ್ಪ ತೆಳ್ಳನೆಯದು.

“ಬುಡಕ್ಕ ಎರಡ ಬೋಲ್ಟ್ ಅದಾವ್ರೀ. ಅಲುಗತೈತಿ,” ಎಂದಳು ನೀಲವ್ವ.

“ಏನೂ ಅಲುಗೂದಿಲ್ಲ ಬಿಡ,” ಎಂದಿತು ಗಂಡನ ದನಿ. “ಎರಡ ಕಾಲ ಮ್ಯಾಲ ನಲವತ್ತ ವರ್ಷ ನಿನ್ನ ಮುಂದ ನಾ ನಿಂತಿದ್ದಿಲ್ಲೇನ?”

ನೀಲವ್ವನಿಗೆ ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ಬದುಕಿದ್ದಾಗಲೂ ಆತ ಬುಡ ಗಟ್ಟಿಯಿದೆ ಎಂದೇ ಲೆಕ್ಕ ಹಿಡಿದು ಕಂಬ ತೆಳ್ಳಗೆ ಮಾಡುತ್ತಿದ್ದ. ಅವಳು ಸದ್ದಿಲ್ಲದೆ ಇನ್ನೆರಡು ಬೋಲ್ಟು ಹಾಕಿ ಬಿಗಿಯುತ್ತಿದ್ದಳು. ಗಂಡನಿಗೆ ನೋವಾದೀತೆಂದು ಒಮ್ಮೆಯೂ ಹೇಳಲಿಲ್ಲ. ಹಾಗಾಗಿ ಆತ ಕಲಿಯಲೂ ಇಲ್ಲ. ಈಗ ಅವಳಿಗೂ ವಯಸ್ಸಾಗಿದೆ. ಅವಳ ನಂತರ ಆ ಎರಡು ಬೋಲ್ಟು ಹಾಕುವವರು ಯಾರು? ಕಂಬದ ಕೆಳಗೆ ಮಕ್ಕಳು ಕೂರುತ್ತಾರೆ.

“ನಿಂತಿದ್ರಿ,” ಎಂದಳು. “ಹಿಂದ ನಾ ಹಿಡಕೊಂಡಿದ್ದೆ.”



“ಮೊದಲ ಹೇಳಬಾರದಿತ್ತೇನ, ನೀಲಾ?” ಎಂದಿತು ಗಂಡನ ದನಿ.

ಅವಳು ಪರವೂರಿನವನ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಿದಳು. ಫಕ್ಕೀರಪ್ಪ ಎರಡನೆಯ ಸಲ ಹೋದದ್ದು ಆ ಗುರುವಾರ.