ಒಳಚರಂಡಿ ಸಾಹೇಬರ ಜಲವಿಹಾರ

ದೋಣಿ ಮೂರನೇ ನಿಲ್ದಾಣ ದಾಟುವಷ್ಟರಲ್ಲಿ ಇಂಜಿನಿಯರ್ ಸಾಹೇಬರು ಆ ಊರಿನಲ್ಲಿ ಹದಿನೇಳು ತಪ್ಪು ಕಂಡುಹಿಡಿದಿದ್ದರು. ಕಾಲುವೆಗಳೇ ಬೀದಿಗಳಾಗಿರುವ ಆ ಪರದೇಶದ ಊರನ್ನು ಕಣ್ತುಂಬ ನೋಡಲೆಂದು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಸಾಹೇಬರು ಮಾತ್ರ ತಪಾಸಣೆಗೆ ಬಂದವರಂತೆ ಕೈಕಟ್ಟಿ ಕುಳಿತಿದ್ದರು.

"ನೋಡೇ, ಗೋಡೆ ಬುಡ ಹೇಗೆ ಕೊಳೆತಿದೆ! ನಮ್ಮೂರಲ್ಲಿ ಒಂದು ಬೀದಿಗೆ ನೀರು ನುಗ್ಗಿದ್ದಕ್ಕೆ ನನ್ನ ಸಸ್ಪೆಂಡ್ ಮಾಡಿದ್ರು. ಇಲ್ಲಿ ಊರಿಗೆ ಊರೇ ನೀರಲ್ಲಿದೆ, ಟಿಕೆಟ್ ಕೊಟ್ಟು ತೋರಿಸ್ತಿದಾರೆ!"

"ರೀ, ಆ ಸೇತುವೆ ನೋಡಿ. ಎಷ್ಟು ಚೆನ್ನಾಗಿದೆ," ಎಂದಳು ಹೆಂಡತಿ. ಅವಳು ಶಾಲೆಯಲ್ಲಿ ಗಣಿತದ ಟೀಚರ್. ಮೂರು ತಿಂಗಳಿಂದ ಗಂಡನ ಗೋಳು ಕೇಳಿ ಕಿವಿ ತೂತಾಗಿ, ಊರು ಬಿಟ್ಟರೆ ಬಾಯಿ ನಿಂತೀತೆಂದು ಈ ಪ್ರವಾಸ ಹೊರಡಿಸಿದ್ದಳು. ಹಲ್ಲುನೋವಿನವನನ್ನು ಕಬ್ಬಿನ ಗದ್ದೆಗೆ ಕರೆದೊಯ್ದ ಹಾಗಾಗಿತ್ತು ಅಷ್ಟೇ.

ಬರುವ ಸೋಮವಾರ ಇಲಾಖೆಯ ವಿಚಾರಣೆ. ತಪ್ಪು ತನ್ನದಲ್ಲವೆಂದು ತೋರಿಸಿದರೆ ಸಾಹೇಬರ ನೌಕರಿ ಉಳಿಯುತ್ತದೆ, ಇಲ್ಲವಾದರೆ ಮನೆಗೆ. ಆದ್ದರಿಂದ ಅವರು ತಮ್ಮ ವಾದವನ್ನು ದೋಣಿಯ ಇಂಜಿನ್ನಿಗಿಂತ ಜೋರಾಗಿ ಅಭ್ಯಾಸ ಮಾಡುತ್ತಿದ್ದರು.

"ತಪ್ಪೆಲ್ಲ ಆ ಕೆರೆ ಬೀದಿಯವರದ್ದು. ಚರಂಡಿ ಬಾಯಿಗೆ ಹಳೇ ಬಟ್ಟೆ ತುರುಕಿ, ಮೇಲೆ ಕಲ್ಲು ಹೇರಿದ್ರು. ಎದುರಿಗೇ ನಿಂತು ತೆಗೆಸಿದೆ. ಅರ್ಧ ಗಂಟೇಲಿ ಎಲ್ಲರ ಮನೆಯೊಳಗೂ ನೀರು. ಕೆರೆ ತುಂಬಿದ್ರೆ ನಾನೇನು ಮಾಡ್ಲಿ, ಕುಡಿದು ಖಾಲಿ ಮಾಡ್ಲಾ?"

"ಅವರು ಯಾಕೆ ಬಟ್ಟೆ ತುರುಕಿದ್ರು ಅಂತ ಕೇಳಿದ್ರಾ?"

"ಇಂಜಿನಿಯರ್ ನಾನೋ ಅವರೋ? ಚರಂಡಿ ಅಂದ್ಮೇಲೆ ಬಾಯಿ ತೆರೆದಿರಬೇಕು."

"ಚರಂಡಿದು ಮಾತ್ರ ಸಾಕಿತ್ತು," ಎಂದು ಹೆಂಡತಿ ಕಿಟಕಿಯತ್ತ ತಿರುಗಿದಳು.

ಅಷ್ಟರಲ್ಲಿ ದೋಣಿ ನಿಂತುಬಿಟ್ಟಿತು. ಸಮುದ್ರ ಉಬ್ಬಿ ಕಾಲುವೆಯ ನೀರು ಏರಿತ್ತು. ಮುಂದಿನ ಸೇತುವೆಯ ಕೆಳಗೆ ದೋಣಿ ನುಸುಳುವಷ್ಟು ಜಾಗವಿರಲಿಲ್ಲ. ಇಳಿಯಿರಿ ಎಂದು ಚಾಲಕ ಕೈಸನ್ನೆ ಮಾಡಿದ. ಊರಿನವರು ಚೀಲದಿಂದ ರಬ್ಬರ್ ಬೂಟು ತೆಗೆದು ಹಾಕಿಕೊಂಡು, ದಿನಾ ಇರುವುದೇ ಎಂಬಂತೆ ನಡೆದುಹೋದರು.

ಇಳಿದ ಜಾಗದಲ್ಲಿ ಕಲ್ಲು ಹಾಸಿನ ಪುಟ್ಟ ಅಂಗಳ, ಎದುರಿಗೆ ಪುಸ್ತಕಗಳಿಗೆ ರಟ್ಟು ಕಟ್ಟುವ ಒಂದು ಅಂಗಡಿ. ಅಂಗಡಿಯ ಮುಂದೆ ಒಂದು ಚರಂಡಿ. ಅದರ ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು! ಮೂರು ತಿಂಗಳಲ್ಲಿ ಮೊದಲ ಸಲ ಸಾಹೇಬರ ಮುಖದಲ್ಲಿ ಕಳೆ ಬಂತು.

"ಅಯ್ಯೋ, ಇಲ್ಲೂ ಅದೇ ಜನ!" ಎಂದು ಪ್ಯಾಂಟು ಮಡಚಿದರು.

"ರೀ, ಸುಮ್ನಿರಿ. ನಾವು ರಜೆಗೆ ಬಂದಿರೋದು."

"ಕರ್ತವ್ಯಕ್ಕೆ ರಜೆ ಇರಲ್ಲ ಕಣೇ."

"ಸಸ್ಪೆನ್ಷನ್ ಇರುತ್ತೆ."

ಸಾಹೇಬರಿಗೆ ಅದು ಕೇಳಿಸಲಿಲ್ಲ. ಕಲ್ಲನ್ನು ಕಾಲಿನಿಂದ ತಳ್ಳಿದರು. ಅದು ಉರುಳಿ ಕಾಲುವೆಗೆ ಬಿತ್ತು. ಹಲಗೆ ಸರಿಸಿ, ಎರಡೂ ಕೈಯಿಂದ ಬಟ್ಟೆ ಎಳೆದರು. ಹರಿದು ಹೋಗಬೇಕಾದ ನೀರು ಹೋಗಲಿಲ್ಲ. ಒಳಗಿದ್ದ ನೀರೇ ಬುಳಬುಳನೆ ಮೇಲೆ ಬಂತು, ಅಂಗಳ ತುಂಬಿ ಅಂಗಡಿಯ ಹೊಸ್ತಿಲು ಮುಟ್ಟಿತು.

ರಟ್ಟು ಕಟ್ಟುವಾಕೆ ಅರ್ಧ ಹೊಲಿದ ಪುಸ್ತಕಗಳನ್ನು ಎದೆಗವಚಿಕೊಂಡು ಹೊರಗೋಡಿ ಬಂದಳು. ಭಾಷೆ ಒಂದಕ್ಷರವೂ ತಿಳಿಯದಿದ್ದರೂ ಬೈಗುಳ ಪೂರ್ತಿ ತಿಳಿಯಿತು. ಅವಳು ಕಾಲುವೆ ತೋರಿಸಿದಳು, ಚರಂಡಿ ತೋರಿಸಿದಳು, ಕೈಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ತೋರಿಸಿದಳು.

"ಕಾಲುವೆ ಏರಿದ್ರೆ ನೀರು ಚರಂಡಿಯಿಂದ್ಲೇ ಒಳಗೆ ಬರುತ್ತಂತೆ, ಅದಕ್ಕೇ ಮುಚ್ಚಿದ್ದಂತೆ," ಎಂದಳು ಹೆಂಡತಿ.

"ನಿನಗೆ ಈ ಭಾಷೆ ಯಾವಾಗ ಬಂತು?"

"ಭಾಷೆ ಯಾಕ್ರೀ ಬೇಕು? ನೀರು ಕಣಕಾಲಿಗೆ ಬಂದಿದೆ, ನೋಡ್ಕೊಳ್ಳಿ."

ಸಾಹೇಬರು ಒದ್ದೆ ಬಟ್ಟೆಯನ್ನು ಹಿಡಿದು ಹಾಗೇ ನಿಂತರು. "ಹಾಗಾದ್ರೆ ಕೆರೆ ಬೀದಿಯವರೂ ಇದಕ್ಕೇ ಮುಚ್ಚಿದ್ರಾ?" ಎಂದರು. ಅವರಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ರಟ್ಟು ಕಟ್ಟುವಾಕೆಗೆ ಅದನ್ನು ನೋಡುತ್ತ ನಿಲ್ಲಲು ಪುರುಸೊತ್ತಿರಲಿಲ್ಲ. ಬಟ್ಟೆ ಕಿತ್ತುಕೊಂಡು ತುರುಕಿ, ಹಲಗೆ ಮುಚ್ಚಿದಳು. ಕಲ್ಲು ಹುಡುಕಿದಳು, ಸಿಗಲಿಲ್ಲ. ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಒಳಗಿನಿಂದ ಒಂದು ಸ್ಟೂಲು ತಂದು ಹಲಗೆಯ ಮೇಲಿಟ್ಟು, ಭುಜ ಒತ್ತಿ ಅವರನ್ನು ಕೂರಿಸಿದಳು. ಎಂಬತ್ತೆಂಟು ಕಿಲೋ. ನೀರು ನಿಂತಿತು.

ಬಂದ ದಾರಿಯಲ್ಲೇ ಹಿಂದಿರುಗುವ ದೋಣಿ ಗಂಟೆ ಬಾರಿಸಿತು. ಹೆಂಡತಿ ಬ್ಯಾಗು ಹೆಗಲಿಗೇರಿಸಿ, ಕಿಟಕಿ ಪಕ್ಕದ ಸೀಟು ಖಾಲಿ ಇದೆಯೇ ಎಂದು ಇಣುಕಿ ನೋಡಿ ಹತ್ತಿದಳು.

"ಏ, ನನ್ನ ಬಿಟ್ಟು ಹೋಗ್ತೀಯಾ? ಸೋಮವಾರ ವಿಚಾರಣೇಲಿ ನಾನೇನು ಹೇಳ್ಲಿ?" ಎಂದು ಸಾಹೇಬರು ಸ್ಟೂಲಿನ ಮೇಲಿಂದಲೇ ಕೂಗಿದರು.

"ಅದನ್ನ ಕೂತು ಯೋಚನೆ ಮಾಡಿ, ಏಳಬೇಡಿ ಮಾತ್ರ," ಎಂದಳು ಅವಳು. "ಹತ್ತೊಂಬತ್ತು ವರ್ಷದ ನೌಕರೀಲಿ ನಿಮ್ಮಿಂದ ಒಂದು ಚರಂಡಿ ಕೆಲಸ ಸರಿಯಾಗಿ ಆಗ್ತಿರೋದು ಇವತ್ತೇ."