ಹೆಸರಿಲ್ಲದ ವರದಿ

ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಊರಿನ ಹೆಂಗಸರ ಸಮೀಕ್ಷೆಗೆ ಬಂದಾಗ ಅಂಗನವಾಡಿ ಟೀಚರ್ ನೀಲವ್ವ ಬಾಯಿಬಿಡಲು ಹೆದರಿದಳು.

"ನಿಮ್ಮ ಹೆಸರು ಎಲ್ಲೂ ಬರೂದಿಲ್ರೀ ಅಕ್ಕಾರ. ನನ್ನ ನಂಬ್ರಿ," ಎಂದು ಹುಡುಗಿ ಕೈ ಹಿಡಿದುಕೊಂಡಳು.

ಗಂಡ ಹೊಡೆಯುವುದನ್ನು ತವರಿಗೂ ತಿಳಿಸದಿದ್ದ ನೀಲವ್ವ ಅವಳೆದುರು ಎಲ್ಲ ಹೇಳಿಕೊಂಡು ಅತ್ತಳು.

ಆರು ತಿಂಗಳ ಮೇಲೆ ವರದಿ ಅಚ್ಚಾಗಿ ಪಂಚಾಯಿತಿಗೆ ಬಂತು. ಸದಸ್ಯನಾಗಿದ್ದ ಗಂಡ ಅದನ್ನು ಮನೆಗೆ ತಂದ. ಅವನು ಸ್ನಾನಕ್ಕೆ ಹೋದಾಗ ನೀಲವ್ವ ಪುಟಪುಟವನ್ನೂ ಹುಡುಕಿದಳು. ಎಲ್ಲಿಯೂ ತನ್ನ ಹೆಸರಿಲ್ಲ. ಹುಡುಗಿಯ ಮೇಲೆ ಪ್ರೀತಿ ಉಕ್ಕಿತು.

"ಹುಡುಕೂದು ಮುಗೀತೇನ?" ಬಾಗಿಲಲ್ಲಿ ನಿಂತ ಗಂಡ ಕೇಳಿದ. "ಹದಿನೆಂಟನೇ ಪುಟ ನೋಡು. ಗಂಡನ ಕೈಲೆ ಹೊಡೆಸಿಕೊಂಡವರ ಲೆಕ್ಕ. ಕೂಲಿ ಹೆಂಗಸರು, ಹದಿನೇಳು. ಹೊಲಿಗೆಯವರು, ನಾಕು. ಅಂಗನವಾಡಿ ಟೀಚರ್, ಒಂದು. ನಿನ್ನ ಬಿಟ್ರ ಈ ಊರಾಗ ಇನ್ಯಾವ ಟೀಚರ್ ಅದಾಳ?"