ಎರಡು ಕಾಡಿಗೆ ಗೆರೆ

ಒಂದಾನೊಂದು ಚಳಿಗಾಲದಲ್ಲಿ, ಹಿಮದ ಗುಡ್ಡದವ್ವ ಹೆಬ್ಬಾತಿನ ತಲೆಯ ಮೇಲೆ ಕಾಡಿಗೆಯಿಂದ ಎರಡು ಗೆರೆ ಎಳೆದಳಂತೆ. ಒಂದು ಹೋಗುವ ದಾರಿ ಮರೆಯದಿರಲೆಂದು, ಇನ್ನೊಂದು ಬರುವ ದಾರಿ ಮರೆಯದಿರಲೆಂದು. ಕಥೆ ಹೇಳಿದ ಹೊಳೆವ್ವಜ್ಜಿಯೇ ಆ ಗೆರೆಗಳನ್ನು ಕಂಡಿರಲಿಲ್ಲ. ತೋರಿಸುತ್ತೇನೆಂದು ಮೊಮ್ಮಗಳು ನೀಲಾ ಮಾತು ಕೊಟ್ಟು ಮೂರು ವರ್ಷವಾಗಿತ್ತು. ಪಕ್ಷಿಧಾಮದ ಕೆರೆಯಲ್ಲಿ ಹೆಬ್ಬಾತುಗಳು ನಡುನೀರು ಬಿಟ್ಟು ಬರುತ್ತಿರಲಿಲ್ಲ. ಫೋಟೊದಲ್ಲಿ ಬರೀ ಚುಕ್ಕಿಗಳು.

ಇಂದು ಎಳ್ಳಮಾವಾಸ್ಯೆ. ಪೂಜೆಯ ಅನ್ನವನ್ನು ಹೊಲದ ತುಂಬ ಚರಗ ಚೆಲ್ಲಿ ಮನೆಯವರೆಲ್ಲ ಉಣ್ಣಲು ಕುಳಿತಾಗ, ಆಚೆ ತುದಿಯ ಕಡಲೆಯಲ್ಲಿ ಹೆಬ್ಬಾತುಗಳು ಇಳಿದವು. ನೀಲಾ ತೆವಳುತ್ತ ಹೋಗಿ ಬದುವಿನ ಮೇಲೆ ಕ್ಯಾಮೆರಾ ಊರಿದಳು. ಹಿಂದೆಯೇ ಬಂದ ಮುತ್ತಣ್ಣ ಕಾಕಾ ಕವಣೆಗೆ ಕಲ್ಲಿಟ್ಟ.

"ಸರಿ ಅತ್ಲಾಗ. ಕಡ್ಲಿ ಎಲ್ಲಾ ಮೇಯ್ತಾವು."

ನೀಲಾ ಎಡಗೈ ಚಾಚಿ ಕವಣೆಯ ಹಗ್ಗ ಹಿಡಿದಳು.

"ಬಿಡ, ಹುಚ್ಚಿ. ನಿನ್ನ ಫೋಟೊ ಹೊಟ್ಟಿ ತುಂಬಸ್ತದೇನು?"

"ಹೊಲದಾಗಿನ ಎಲ್ಲಾ ಜೀವಕ್ಕೂ ಮುಟ್ಟಲಿ ಅಂತ ಈಗರ ಚರಗ ಚೆಲ್ಲೀರಿ. ಇವು ಜೀವ ಅಲ್ಲೇನ್ರಿ ಕಾಕಾ?"

"ಅದು ಶಾಸ್ತ್ರ."

"ಹಂಗಾರ ಇವತ್ತೊಂದಿನ ಶಾಸ್ತ್ರನ ನಡೀಲಿ. ನಾ ಬಿಡಂಗಿಲ್ಲ."

ಕಾಕಾ ಜಗ್ಗಿದ. ಹಗ್ಗ ಅಂಗೈ ಕೊರೆಯಿತು, ಅವಳು ಬಿಡಲಿಲ್ಲ. ಒಂದು ಹೆಬ್ಬಾತು ತಲೆಯೆತ್ತಿ ಹಿಂದಿರುಗಿ ನೋಡಿತು. ಬಲಗೈ ಬೆರಳು ಗುಂಡಿ ಒತ್ತಿತು.

ಬನ್ನಿಗಿಡದ ನೆರಳಲ್ಲಿ ಹೊಳೆವ್ವಜ್ಜಿ ಕ್ಯಾಮೆರಾವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಮುತ್ತಣ್ಣ ಕಾಕಾ ಕಲ್ಲು ಕೈಯಲ್ಲೇ ಹಿಡಿದು ಬಗ್ಗಿದ.

"ಖರೇನ ಎರಡ ಅದಾವೇನಬೇ, ಅವ್ವಾ?"

"ತಡಿಯೋ," ಎಂದು ಅಜ್ಜಿ ಬೆರಳಿಟ್ಟಳು. "ಇದು ಹೋಗೂ ದಾರಿ." ಬೆರಳು ಸರಿಯಿತು. "ಇದು ಬರೂ ದಾರಿ."